ರಸ್ತೆ ಸೀನಿನ ಹಿಂದೆ

ನಾವು ಓದುವಾಗ ತೊಗರಿ ರಾಶಿ ಮುಗಿಯುತ್ತಲೇ ಹಾಸ್ಟೆಲಿನಿಂದ ಊರಿಗೆ ಓಡುವವರು ಹೆಚ್ಚುತ್ತಿದ್ದರು. ಜೇವರ್ಗಿ, ಆಳಂದ, ಅಫಜಲಪುರ ಕಡೆಯ ಹುಡುಗರಿಗೆಲ್ಲ ಕಾರಣ ಒಂದೇ: ಜಾತ್ರೆಯ ನಾಟಕದ ತಾಲೀಮು. ಹಾಜರಿ ಕಡಿಮೆ ಬಿದ್ದರೆ ಬೀಳಲಿ, ಪಾತ್ರ ಕೈತಪ್ಪಬಾರದು.

ಕಲಬುರಗಿಯಲ್ಲಿ ಈಗ ಸರ್ಕಾರದ ನಾಟಕ ಸಂಸ್ಥೆ ರಂಗಾಯಣವಿದೆ. ಇಲ್ಲಿಯವರೇ ಆದ ಚಿತ್ರಕಾರ ಎಸ್. ಎಂ. ಪಂಡಿತರ ಹೆಸರಿನ ರಂಗಮಂದಿರವಿದೆ. ಅಲ್ಲಿನ ಬೆಳಕು, ಅಚ್ಚುಕಟ್ಟು ಊರ ನಾಟಕಕ್ಕೆ ಬಾರದು. ಆದರೆ ಈಗ ಗೌಡನಾಗಿ ಗದರುತ್ತಿರುವವನು ನಾಳೆ ತಮ್ಮದೇ ಹೊಲಕ್ಕೆ ಕೂಲಿಗೆ ಬರುವವನೆಂದು ಎದುರು ಕೂತವರಿಗೆಲ್ಲ ಗೊತ್ತಿರುವ ಮಜಾ ಬೇರೆ ಕಡೆ ಸಿಗುವುದೂ ಇಲ್ಲ.

ಪಾತ್ರ ಹಂಚುವ ದಿನವೇ ಅರ್ಧ ನಾಟಕ ಆಗಿಹೋಗುತ್ತದೆ. ನಾಟಕಕ್ಕೆ ಹೆಚ್ಚು ಪಟ್ಟಿ (ವಂತಿಗೆ) ಕೊಟ್ಟವನಿಗೆ ನಾಯಕನ ಪಾತ್ರವೇ ಬೇಕು. ನಾಟಕ ಕಲಿಸುವ ಅನುಭವವಿರುವ ಮಾಸ್ತರ ಅವನಿಗೆ ಜರಿ ರುಮಾಲು ಸುತ್ತಿಸಿ, ಕೂತು ಆಡುವ ದೊಡ್ಡ ಪಾತ್ರ ಕೊಟ್ಟು, ದನಿ ಇದ್ದವನನ್ನು ಖಳನಾಯಕ ಮಾಡುತ್ತಾನೆ. ಖಳನಾಯಕ ಗಟ್ಟಿ ಇದ್ದರೆ ನಾಟಕ ಅರ್ಧ ಗೆದ್ದಂತೆ.

ಪುಸ್ತಕ ಒಂದೇ ಇರುವುದರಿಂದ ಎಲ್ಲರೂ ತಮ್ಮ ಮಾತು ಬರೆದುಕೊಳ್ಳುತ್ತಾರೆ. ಹೊಸಬರು ಇಲ್ಲಿಯೇ ಎಡವುವುದು. ತನ್ನ ಮಾತಷ್ಟೇ ಬರೆದುಕೊಂಡು, ಎದುರಿನವನ ಮಾತಿನ ಕೊನೆಯ ನಾಲ್ಕು ಪದ ಬರೆದುಕೊಳ್ಳದೆ ಬಿಟ್ಟರೆ, ಮಾತೆಲ್ಲ ಬಾಯಿಪಾಠ ಬಂದರೂ ಯಾವಾಗ ಶುರು ಮಾಡಬೇಕೆಂದು ತಿಳಿಯದು. ಪರದೆ ಸಂದಿಯಲ್ಲಿ ನಿಂತು ಮಾತು ಎತ್ತಿಕೊಡುವವನು ಎಷ್ಟು ಜನರನ್ನು ಕಾಯ್ದಾನು?

ಹಾಡಿನ ಕಷ್ಟ ಬೇರೆ. ಕಾಲುಪೇಟಿಯ (ಕಾಲಲ್ಲಿ ತುಳಿದು ನುಡಿಸುವ ಹಾರ್ಮೋನಿಯಂ) ಮೇಲೆ ಹುಡುಗರ ದನಿ ಕಪ್ಪು ಒಂದರ, ಅಂದರೆ ಮೊದಲ ಕಪ್ಪು ಕೀಯ ಶ್ರುತಿಯ ಆಸುಪಾಸು ಕೂರುತ್ತದೆ. ನಾಟಕಕ್ಕೆ ಕರೆಸುವ ನಟಿ ಹಾಡುವುದು ಕಪ್ಪು ನಾಲ್ಕು ಇಲ್ಲವೇ ಐದಕ್ಕೆ, ಅವರು ಬರುವುದೋ ಹಿಂದಿನ ದಿನ. ಯುಗಳಗೀತೆಯಲ್ಲಿ ಅವರ ಶ್ರುತಿ ಹಿಡಿದರೆ ಹುಡುಗನ ಗಂಟಲು ಒಡೆಯುತ್ತದೆ. ಇವನ ಶ್ರುತಿ ಹಿಡಿದರೆ ಅವರ ದನಿ ತಳ ಸೇರಿ, ಮೈಕಿಗೆ ಕೇಳಿಸದು. ನಡುವಿನ ಒಂದು ಶ್ರುತಿಯಲ್ಲಿ ಹುಡುಗ ವಾರ ಮೊದಲೇ ರೂಢಿ ಮಾಡಿಕೊಳ್ಳುವುದೇ ದಾರಿ.

ಪರದೆಗಳಲ್ಲಿ ರಸ್ತೆ ಸೀನು, ಅಂದರೆ ಬೀದಿಯ ಚಿತ್ರ ಬರೆದ ಪರದೆ ಮುಂದೆ, ಮನೆ ಮತ್ತು ದರ್ಬಾರು ಹಿಂದೆ. ಮುಂದೆ ಹಾಸ್ಯದ ಜೋಡಿ "ಯಾಕಪಾ, ಎಲ್ಲಿಗಿ ಹೊಂಟಿ?" ಎಂದು ನಗಿಸುತ್ತಿರುವಾಗಲೇ ಹಿಂದೆ ಕುರ್ಚಿ, ಮಂಚ ಬದಲಾಗಬೇಕು. ಅದಕ್ಕೇ ಹಾಸ್ಯಗಾರನಿಗೆ ಮಾತು ಬೆಳೆಸುವ, ಮೊಟಕುಗೊಳಿಸುವ ಜಾಣತನ ಇರಬೇಕು. ಅರ್ಧ ಕನ್ನಡ, ಅರ್ಧ ದಖನಿ ಉರ್ದು ಬೆರೆಸುವ ನಮ್ಮ ಕಡೆಯ ಹಾಸ್ಯಗಾರರಿಗೆ ಇದು ನೀರು ಕುಡಿದಷ್ಟು ಸಲೀಸು. ಅವರು ಬೇಗ ಮುಗಿಸಿದರೋ, ಮಂಚ ಎಳೆಯುವ ಸದ್ದು ಊರಿಗೆಲ್ಲ ಕೇಳುತ್ತದೆ.

ಸುರುಳಿ ಪರದೆ ಎತ್ತಲು ಎರಡು ಹಗ್ಗ, ಎಳೆಯಲು ಒಬ್ಬನೇ ಇರಲಿ. ಇಬ್ಬರಿದ್ದರೆ ಒಬ್ಬ ಮುಂದೆ ಎಳೆದು ಕೆಳಗಿನ ಬೊಂಬು ಸೊಟ್ಟಗಾಗುತ್ತದೆ. ಒಮ್ಮೆ ಓರೆ ಸುತ್ತಿಕೊಂಡ ಪರದೆ ಪೂರ್ತಿ ಇಳಿಸದೆ ನೆಟ್ಟಗಾಗದು. ರಾತ್ರಿಯ ಇಬ್ಬನಿಗೆ ನೂಲಿನ ಹಗ್ಗ ಉಬ್ಬಿ ಗಾಲಿಯಲ್ಲಿ ಸಿಕ್ಕಿಕೊಳ್ಳುವುದೂ ಉಂಟು. ನೈಲಾನ್ ಹಗ್ಗಕ್ಕೆ ಆ ಕಾಟವಿಲ್ಲ, ಆದರೆ ಅಂಗೈ ಕೊಯ್ಯುತ್ತದೆ.

ಮೈಕುಗಳನ್ನು ಪಾತ್ರದ ತಲೆಯಿಂದ ಒಂದೂವರೆ ಅಡಿ ಮೇಲೆ ತೂಗುಬಿಡಬೇಕು. ಕೆಳಗಿದ್ದರೆ ರಾಜನ ಕಿರೀಟಕ್ಕೆ ತಗಲುತ್ತದೆ. ಸ್ಪೀಕರುಗಳು ಮೈಕಿನ ಸಾಲಿಗಿಂತ ಮುಂದೆ ಇದ್ದು, ಜನರ ಕಡೆಗೇ ಮುಖ ಮಾಡಿರಲಿ. ಅವುಗಳ ದನಿ ತಿರುಗಿ ಮೈಕಿಗೆ ಸೇರಿದರೆ ಕಿವಿ ಹರಿಯುವ ಸೀಟಿ.

ಮುಖದ ಬಣ್ಣಕ್ಕೆ ಸಫೇದ (ಬಿಳಿ ಪುಡಿ), ಪಿವಡಿ (ಹಳದಿ ಪುಡಿ), ಕೊಬ್ಬರಿ ಎಣ್ಣೆ ಕಲಸುತ್ತಿದ್ದರು. ಎಣ್ಣೆ ಹೆಚ್ಚಾದರೆ ಬೇಸಿಗೆಯ ಬೆವರಿಗೆ ಹತ್ತೇ ನಿಮಿಷದಲ್ಲಿ ಹುಬ್ಬು ಕೆನ್ನೆಗೆ ಇಳಿಯುತ್ತದೆ. ಎಣ್ಣೆ ಸವರಿ ಒರೆಸಿ, ತೆಳುವಾಗಿ ಬಣ್ಣ ಹಚ್ಚಿ, ಮೇಲೆ ಪೌಡರು ತಟ್ಟಿದರೆ ನಿಲ್ಲುತ್ತದೆ. ಕೆಂಪಿಗೆ ಬಳಸುತ್ತಿದ್ದ ಇಂಗಳೀಕ ಪಾದರಸದ್ದು. ಅದನ್ನು ತುಟಿಗೆ ಹಚ್ಚುವುದು ಬಿಟ್ಟದ್ದೇ ಒಳ್ಳೆಯದಾಯಿತು.

ಇನ್ನು ಆಯೇರಿ, ಅಂದರೆ ನೋಡುವವರು ಕೊಡುವ ಉಡುಗೊರೆ. ನಾಯಕಿ ಅಳುತ್ತಿರುವಾಗಲೇ ಯಾರೋ ನೂರರ ನೋಟು ಹಿಡಿದು ರಂಗಕ್ಕೇರುತ್ತಾರೆ, ಮೈಕಿನಲ್ಲಿ ಅವರ ಹೆಸರು, ಊರು, ಮನೆತನ ಎಲ್ಲ ಕೂಗಬೇಕು. ಬೇಡವೆನ್ನುವಂತಿಲ್ಲ, ಪೇಟಿ ಮಾಸ್ತರನ ಸಂಭಾವನೆ ಇದರಲ್ಲೇ ಹುಟ್ಟುತ್ತದೆ. ಕೊಟ್ಟವರ ಹೆಸರಿನ ಚೀಟಿಗಳನ್ನು ಒಟ್ಟು ಮಾಡಿ ಪರದೆ ಬಿದ್ದಾಗಲೇ ಓದುವುದೆಂದು ಮೊದಲೇ ಸಾರಿಬಿಟ್ಟರೆ ನಾಟಕವೂ ಉಳಿಯುತ್ತದೆ, ಕೊಟ್ಟವರಿಗೂ ಸಮಾಧಾನ. ಕಾಲೇಜಿನ ವಾರ್ಷಿಕೋತ್ಸವಕ್ಕೆ ನಾಟಕ ಆಡುವವರಿಗೆ ಈ ತಾಪತ್ರಯವಿಲ್ಲ. ಬಾಡಿಗೆ ಪರದೆಗಳನ್ನು ಮಾತ್ರ ಬೆಳಗಿನ ಬಿಸಿಲಿಗೆ ಒಣಗಿಸಿಯೇ ಸುತ್ತಿ. ಹಸಿ ಸುತ್ತಿದರೆ ಬಣ್ಣ ಒಂದಕ್ಕೊಂದು ಅಂಟಿ, ಮುಂಗಡದ ಹಣ ಮರಳಿ ಬರುವುದಿಲ್ಲ.