ಮೈಕಿಲ್ಲದ ಎರಡು ಗಂಟೆ

ಮೈಸೂರಿನ ಸರಸ್ವತಿಪುರಂನ ಮನೆಯೊಂದಕ್ಕೆ ಹಾಡಲು ಕರೆದವರು ಎರಡೇ ಮಾತು ಹೇಳಿದ್ದರು: ನಲವತ್ತು ಜನ ಬರುತ್ತಾರೆ, ಮೈಕ್ ಇರುವುದಿಲ್ಲ. ನಲವತ್ತು ಜನಕ್ಕೆ ಮೈಕ್ ಯಾಕೆ ಬೇಕು ಎಂದು ಜಂಬದಿಂದಲೇ ಒಪ್ಪಿಕೊಂಡಿದ್ದೆ.

ಮೈಕ್ ನಮ್ಮನ್ನು ಕೆಡಿಸಿದೆ ಎನ್ನುವುದು ಅಲ್ಲಿ ಕುಳಿತ ಮೇಲೆ ಗೊತ್ತಾಯಿತು. ಹಿಂದಿನವರು ಕೊನೆಯ ಸಾಲಿಗೂ ಕೇಳಲೆಂದು ಶ್ರುತಿಯನ್ನು ಏರಿಸಿಕೊಂಡು ಹಾಡುತ್ತಿದ್ದರು. ಈಗ ನಮ್ಮ ಶ್ರುತಿ ಇಳಿದಿದೆ, ಧ್ವನಿವರ್ಧಕ ಏರಿದೆ. ರಾಮನವಮಿಯ ಪೆಂಡಾಲಿನಲ್ಲಿ ನಾನು ನನ್ನ ಮೈಕ್ ಹೆಚ್ಚಿಸಿ ಎಂದು ಸನ್ನೆ ಮಾಡಿದರೆ ಮೃದಂಗದವರೂ ಮಾಡುತ್ತಾರೆ, ಪಿಟೀಲಿನವರು ಸುಮ್ಮನಿರುತ್ತಾರೆಯೇ? ಅರ್ಧ ಗಂಟೆಯಲ್ಲಿ ಮೂವರೂ ಜಗಳಕ್ಕೆ ನಿಂತವರ ಹಾಗೆ ಕೇಳಿಸುತ್ತೇವೆ.

ಇಲ್ಲಿ ಜಮಖಾನದ ಮೇಲೆ ಕುಳಿತಾಗ ಮೊದಲ ಸಾಲಿನ ಅಜ್ಜಿಯ ಮೊಣಕಾಲಿಗೂ ನನ್ನ ತಾಳದ ಕೈಗೂ ಮೂರಡಿ ಅಂತರ. ತೊಂದರೆ ಬಂದದ್ದು ಮೃದಂಗದಿಂದ. ನಮ್ಮ ಕರ್ನಾಟಕ ಸಂಗೀತದ ಪದ್ಧತಿಯಲ್ಲಿ ಮೃದಂಗದವರು ಹಾಡುವವರ ಬಲಕ್ಕೆ ಕೂರುತ್ತಾರೆ. ವಾದ್ಯದ ಬಲಗಡೆಯ ಮುಖ ನೇರವಾಗಿ ಕೇಳುಗರ ಕಡೆ ತಿರುಗಿರುತ್ತದೆ. ಸಭಾಂಗಣದಲ್ಲಿ ಅದು ಸರಿ. ಹದಿನೈದು ಅಡಿಯ ಹಜಾರದಲ್ಲಿ ಅದರ ಮೇಲಿನ ಪ್ರತಿ ಚಾಪು ಪೆಟ್ಟೂ ಗೋಡೆಗೆ ಬಡಿದು ವಾಪಸು ಬರುತ್ತಿತ್ತು. ಮೊದಲು ಹಾಡಿದ ವರ್ಣ ಮುಗಿಯುವ ಹೊತ್ತಿಗೆ ಅವರೇ ಎರಡಡಿ ಹಿಂದೆ ಸರಿದು, ಎಡಗಡೆಯ ಮುಖಕ್ಕೆ ಮೆತ್ತಿದ್ದ ರವೆಯ ಕಣಕವನ್ನು ಉಗುರಿನಿಂದ ಸ್ವಲ್ಪ ಕೆರೆದು ತೆಗೆದು, ಬೆರಳ ತುದಿಯಲ್ಲಿ ನುಡಿಸತೊಡಗಿದರು. ನಾನು ಮಾತ್ರ ಅಷ್ಟರಲ್ಲಿ ಪೆಂಡಾಲಿಗೆ ಹಾಡುವ ಹಾಗೆ ಹಾಡಿ ಗಂಟಲಿನ ಅರ್ಧ ಬಂಡವಾಳ ಕರಗಿಸಿಕೊಂಡಿದ್ದೆ. ಏಪ್ರಿಲ್ ತಿಂಗಳು, ಸದ್ದಾಗುತ್ತದೆಂದು ಫ್ಯಾನ್ ಆರಿಸಿದ್ದರು. ಪಕ್ಕದ ಮನೆಯ ಕುಕ್ಕರ್ ಮೂರು ಸಲ ಕೂಗಿತು, ಯಾವ ಶ್ರುತಿಗೂ ಸೇರದೆ.

ಮುಖ್ಯ ರಾಗ ಭೈರವಿ. ಅದರಲ್ಲಿ ಶ್ಯಾಮಾಶಾಸ್ತ್ರಿಗಳ ಸ್ವರಜತಿಯನ್ನು, ಎಂದರೆ ಸ್ವರಗಳಿಗೆ ಸಾಹಿತ್ಯ ಕೂಡಿಸಿದ ರಚನೆಯನ್ನು, ಹಾಡುವುದೆಂದು ಮೊದಲೇ ಗೊತ್ತು ಮಾಡಿಕೊಂಡಿದ್ದೆ. ಅದನ್ನು ಹಾಡಿದವರಿಗೆ ನನ್ನ ಸಂಕಟ ತಿಳಿಯುತ್ತದೆ. ಏಳು ಎಣಿಕೆಯ ಮಿಶ್ರಛಾಪು ತಾಳ, ಎಂಟು ಚರಣ. ಮೊದಲನೆಯದು ಷಡ್ಜದಿಂದ, ಎರಡನೆಯದು ರಿಷಭದಿಂದ, ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಏರಿ ಎಂಟನೆಯದು ಮೇಲಿನ ಸ, ಅಂದರೆ ತಾರಷಡ್ಜದಲ್ಲಿ ಶುರುವಾಗಬೇಕು. ಗಂಟಲು ಸೋತಿರುವಾಗ ಆರಿಸಿಕೊಳ್ಳುವ ಕೃತಿಯೇ ಅಲ್ಲ. ಆದರೆ ಆಲಾಪನೆಯನ್ನು ಭೈರವಿಯಲ್ಲಿ ಮಾಡಿ ಆಗಿತ್ತು, ಇನ್ನೆಲ್ಲಿಗೆ ಓಡುವುದು?

ಐದನೆಯ ಚರಣಕ್ಕೆ ದನಿ ಒಡೆಯುವ ಸೂಚನೆ ಸಿಕ್ಕಿತು. ಬೇರೆ ದಾರಿಯಿಲ್ಲದೆ ತಗ್ಗಿಸಿದೆ. ಹಿಂದೆ ತಂಬೂರಿ ಮೀಟುತ್ತಿದ್ದ ನನ್ನ ಶಿಷ್ಯೆ ಸಂಜೆಯೆಲ್ಲ ತಂತಿಯಡಿ ಝೇಂಕಾರ ಹುಟ್ಟಿಸುವ ಜೀವಾಳದ ದಾರ ಸರಿಸಿ ಸರಿಸಿ ಕೂರಿಸಿದ್ದಳು. ದನಿ ತಗ್ಗಿದೊಡನೆ ಆ ಝೇಂಕಾರ ನನಗೆ ಮೊದಲ ಸಲ ಸರಿಯಾಗಿ ಕೇಳಿಸಿತು. ಭೈರವಿಯಲ್ಲಿ ಧ ಎರಡು ಬಗೆ: ಏರುವಾಗ ತುಸು ಮೇಲಿನ ಚತುಶ್ರುತಿ ಧೈವತ, ಇಳಿಯುವಾಗ ಕೆಳಗಿನ ಶುದ್ಧ ಧೈವತ. ಆರನೆಯ ಚರಣದಲ್ಲಿ ಒಂದರಿಂದ ಇನ್ನೊಂದಕ್ಕೆ ಜಾರುವ ಆ ಎಳೆಯನ್ನು ಮೈಕಿನ ಮುಂದೆ ನಾನು ಎಷ್ಟೋ ಸಲ ಹೇಗೋ ದಾಟಿಸಿಬಿಟ್ಟಿದ್ದೇನೆ. ಇಲ್ಲಿ ದಾಟಿಸಲು ಆಗಲಿಲ್ಲ. ಅಜ್ಜಿ ತಾಳ ಹಾಕುವುದನ್ನು ನಿಲ್ಲಿಸಿ (ಅವರದು ಎಂಟೆಣಿಕೆಯ ಆದಿತಾಳ, ದೇವರು ದೊಡ್ಡವನು) ತಲೆ ಮುಂದಕ್ಕೆ ಚಾಚಿ ಕುಳಿತರು. ಪಿಟೀಲಿನವರು ಬಿಲ್ಲನ್ನು ತಂತಿಗೆ ತಾಗಿಸಿದರೋ ಇಲ್ಲವೋ ಎನ್ನುವಷ್ಟು ಹಗುರಾಗಿ ಹಿಂಬಾಲಿಸಿದರು. ತಾರಷಡ್ಜ ಹತ್ತಿದಾಗ ಅದು ದನಿಯೋ ಉಸಿರೋ ನನಗೇ ತಿಳಿಯಲಿಲ್ಲ. ಶ್ರುತಿಯಲ್ಲಂತೂ ಇತ್ತು.

ಮಂಗಳ ಹಾಡಿ ಎದ್ದಾಗ ಎಂದಿನಂತೆ ಪಾನಕ, ಕೋಸಂಬರಿ. ಒಬ್ಬರು ಬಂದು, ಮಧ್ಯದಲ್ಲಿ ನಿಮಗೆ ಹುಷಾರು ತಪ್ಪಿತೇನಮ್ಮ, ಅಲ್ಲಿಂದ ಮುಂದೆ ಬಹಳ ಚೆನ್ನಾಗಿತ್ತು, ಎಂದರು.

ಮನೆಯವರು ಮೊಬೈಲಿನಲ್ಲಿ ಧ್ವನಿಮುದ್ರಿಸಿದ್ದನ್ನು ಮರುದಿನ ಕಳುಹಿಸಿದರು. ವರ್ಣದಲ್ಲಿ ನಾನು ಕಿರುಚುತ್ತಿದ್ದೇನೆ. ಎಂಟನೆಯ ಚರಣದಲ್ಲಿ ನನ್ನ ದನಿ ಸಿಕ್ಕೇ ಇಲ್ಲ ಎನ್ನಬಹುದು. ತಂಬೂರಿ ಕೇಳಿಸುತ್ತದೆ, ಅದರ ಜೊತೆಗೆ ಯಾರೋ ಸೆಕೆಗೆ ದಿನಪತ್ರಿಕೆ ಬೀಸಿಕೊಳ್ಳುತ್ತಿರುವ ಸದ್ದು. ಅದೂ ನಡುವೆ ಒಂದು ಕಡೆ ನಿಂತುಹೋಗುತ್ತದೆ.