ಎಡಿಸನ್ ಪ್ರಯೋಗಾಲಯ ನೋಡುವ ಆಸೆಯಿದ್ದರೆ ಮೊದಲು ವೆಸ್ಟ್ ಆರೆಂಜ್‌ಗೆ ಹೋಗಿ

ಅಪ್ಪ 30 ವರ್ಷ ಲೈನ್‌ಮನ್ ಆಗಿದ್ದವರು. ಬಲ್ಬು ಹುಟ್ಟಿದ ಜಾಗವನ್ನು ಅವರಿಗೆ ತೋರಿಸಲೇಬೇಕೆಂದು ನ್ಯೂಜೆರ್ಸಿಯ ಮೆನ್ಲೋ ಪಾರ್ಕ್‌ಗೆ ಕರೆದುಕೊಂಡು ಹೋದೆ. ಹೋಗಿ ನೋಡಿದರೆ ಅಲ್ಲಿ ಪ್ರಯೋಗಾಲಯವೇ ಇಲ್ಲ! 1879ರಲ್ಲಿ ದೀಪ ಉರಿದ ಜಾಗದಲ್ಲಿ ಈಗಿರುವುದು 1938ರ ಕಾಂಕ್ರೀಟ್ ಗೋಪುರ, ಅದರ ನೆತ್ತಿಯ ಮೇಲೆ ಎರಡಾಳೆತ್ತರದ ಗಾಜಿನ ಬಲ್ಬು. ಪಕ್ಕದ ಪುಟ್ಟ ವಸ್ತುಸಂಗ್ರಹಾಲಯಕ್ಕೆ ಅಂದು ಬೀಗ. ವಾರದಲ್ಲಿ ಕೆಲವೇ ದಿನ ತೆರೆಯುತ್ತದೆ. ಪಾಳುಬಿದ್ದಿದ್ದ ಪ್ರಯೋಗಾಲಯದಲ್ಲಿ ಉಳಿದಿದ್ದನ್ನು ಹೆನ್ರಿ ಫೋರ್ಡ್ ಅಲ್ಲಿನ ಮಣ್ಣಿನ ಸಮೇತ ಮಿಷಿಗನ್‌ನ ಡಿಯರ್‌ಬಾರ್ನ್‌ಗೆ ಸಾಗಿಸಿ, 1929ರಲ್ಲಿ ಅಲ್ಲೇ ಮತ್ತೆ ಕಟ್ಟಿ ನಿಲ್ಲಿಸಿದ್ದರಂತೆ. ಅಪ್ಪ ಗೋಪುರವನ್ನು ಎರಡು ಸುತ್ತು ಹಾಕಿ ಸುಮ್ಮನೆ ಬಂದು ಕಾರಿನಲ್ಲಿ ಕುಳಿತರು. ನನಗೆ ಬಹಳ ಬೇಸರವಾಯಿತು.

ಹಾಗಾಗಿ ಮೊದಲೇ ಹೇಳುತ್ತೇನೆ: ಎಡಿಸನ್ ನಿಜವಾಗಿ ಓಡಾಡಿದ ಕೋಣೆಗಳನ್ನು ನೋಡಬೇಕಾದರೆ ನ್ಯೂಜೆರ್ಸಿಯಲ್ಲೇ ಇರುವ ವೆಸ್ಟ್ ಆರೆಂಜ್‌ಗೆ ಹೋಗಿ. 1887ರಲ್ಲಿ ಅವರು ಕಟ್ಟಿಸಿದ ದೊಡ್ಡ ಪ್ರಯೋಗಾಲಯ ಅಲ್ಲಿದೆ.

ಹೋಗುವುದಿದ್ದರೆ ಕಾರಿನಲ್ಲೇ ಹೋಗಿ. ನಾವು ನ್ಯೂಯಾರ್ಕ್‌ನಿಂದ ಬಸ್ ಹಿಡಿದು ಅರ್ಧ ದಿನ ಕಳೆದುಕೊಂಡೆವು. ಆರೆಂಜ್, ಈಸ್ಟ್ ಆರೆಂಜ್, ಸೌತ್ ಆರೆಂಜ್, ವೆಸ್ಟ್ ಆರೆಂಜ್ ಎಲ್ಲವೂ ಬೇರೆ ಬೇರೆ ಊರುಗಳು. ಚಾಲಕ "ಆರೆಂಜ್" ಎಂದದ್ದೇ ತಡ, ಇಳಿದುಬಿಟ್ಟೆವು. ಮುಂದಿನ ಬಸ್ಸಿಗಾಗಿ ನೆರಳಿಲ್ಲದ ತಂಗುದಾಣದಲ್ಲಿ 50 ನಿಮಿಷ ಕಾದೆವು. ಅದು ಬರಲೇ ಇಲ್ಲ. ಕೊನೆಗೆ 18 ಡಾಲರ್ ತೆತ್ತು ಟ್ಯಾಕ್ಸಿ ಹಿಡಿದೆವು. ಮೊಣಕಾಲು ನೋವಿರುವ ಹಿರಿಯರನ್ನು ದಯವಿಟ್ಟು ಆ ಬಸ್ಸಿಗೆ ಹತ್ತಿಸಬೇಡಿ.

ಎಡಿಸನ್ ಮನೆ ಗ್ಲೆನ್‌ಮಾಂಟ್ ಹತ್ತಿರದಲ್ಲೇ ಇದೆ ಎಂದು ನೇರವಾಗಿ ಅಲ್ಲಿಗೇ ಹೋಗುವುದೂ ತಪ್ಪು. ಅದು ಲೆವೆಲಿನ್ ಪಾರ್ಕ್ ಎಂಬ ಖಾಸಗಿ ಬಡಾವಣೆಯೊಳಗಿದೆ. ಪ್ರಯೋಗಾಲಯದಲ್ಲಿ ಪಾಸ್ ಪಡೆಯದೆ ಹೋದರೆ ಗೇಟಿನಿಂದಲೇ ವಾಪಸ್ ಕಳಿಸುತ್ತಾರೆ, ನಮ್ಮನ್ನೂ ಕಳಿಸಿದರು. ಬೆಳಿಗ್ಗೆ ಬಾಗಿಲು ತೆರೆಯುತ್ತಿದ್ದಂತೆ ಪ್ರಯೋಗಾಲಯ ತಲುಪಿ, ಮೊದಲು ಪಾಸ್ ಕೇಳಿ. ನನಗಂತೂ ಜನಜಂಗುಳಿ ಆಗುವುದಿಲ್ಲ. ಶಾಲಾ ಮಕ್ಕಳ ಗುಂಪು ಬರುವ ಮುಂಚಿನ ಆ ಒಂದು ಗಂಟೆಯೇ ನಮಗೆ ಸಿಕ್ಕ ಭಾಗ್ಯ.

ಯಂತ್ರಾಗಾರದಲ್ಲಿ ಛಾವಣಿಯುದ್ದಕ್ಕೂ ಉಕ್ಕಿನ ದಂಡ ಹಾದುಹೋಗಿದೆ. ಅದರ ಚಕ್ರಗಳಿಂದ ಇಳಿದ ಪಟ್ಟಿಗಳು ಲೋಹ ಕಡೆಯುವ ಒಂದೊಂದು ಲೇತ್ ಯಂತ್ರಕ್ಕೂ ಬಂದು ಸೇರುತ್ತವೆ. "ಇದು ನಮ್ಮ ಹಿಟ್ಟಿನ ಗಿರಣಿಯ ಬೆಲ್ಟೇ ಅಲ್ಲವೇನಮ್ಮ?" ಎಂದು ಅಪ್ಪ ಮೊದಲ ಬಾರಿ ನಕ್ಕರು. ಗ್ರಂಥಾಲಯದಲ್ಲಿ ಎಡಿಸನ್ ಮೇಜು, ಪುಸ್ತಕಗಳ ಸಾಲಿನ ನಡುವೆ ಅವರು ಮಲಗುತ್ತಿದ್ದ ಸಣ್ಣ ಮಂಚ. ರಸಾಯನ ಪ್ರಯೋಗಾಲಯದಲ್ಲಿ ಕಪಾಟಿನ ತುಂಬ ಚೀಟಿ ಅಂಟಿಸಿದ ಶೀಶೆಗಳು. ಗೋಲ್ಡನ್‌ರಾಡ್ ಎಂಬ ಕಳೆಗಿಡದಿಂದ ರಬ್ಬರ್ ತೆಗೆಯುವುದು ಅವರ ಕೊನೆಯ ವರ್ಷಗಳ ಹಂಬಲವಾಗಿತ್ತು. 80 ದಾಟಿದ ಮೇಲೂ ಹೊಸ ಕೆಲಸಕ್ಕೆ ಕೈಹಾಕಿದ್ದರಲ್ಲ ಎಂದು ಅಪ್ಪ ಅಲ್ಲಿಂದ ಕದಲಲೇ ಇಲ್ಲ. ಇಷ್ಟಕ್ಕೇ ಮೂರು ಗಂಟೆ ಬೇಕು, ಅವಸರ ಮಾಡಬೇಡಿ. ಗ್ಲೆನ್‌ಮಾಂಟ್‌ನಲ್ಲಿ ಮನೆಯ ಹಿಂಭಾಗಕ್ಕೆ ಹೋಗುವುದನ್ನು ಮರೆಯಬೇಡಿ. ಎಡಿಸನ್ ಮತ್ತು ಅವರ ಪತ್ನಿ ಮೈನಾ ಅವರ ಸಮಾಧಿಗಳು ಅಲ್ಲಿವೆ.

ಮೆನ್ಲೋ ಪಾರ್ಕ್‌ಗೂ ಹೋಗಿಯೇ ತೀರುತ್ತೇವೆ ಎನ್ನುವವರು ಊಟವನ್ನು ಓಕ್ ಟ್ರೀ ರಸ್ತೆಯಲ್ಲಿ ಇಟ್ಟುಕೊಳ್ಳಿ. ಮೆನ್ಲೋ ಪಾರ್ಕ್ ಇರುವ, ಎಡಿಸನ್ ಹೆಸರನ್ನೇ ಹೊತ್ತ ಆ ಊರಿನಲ್ಲಿ ಈಗ ಭಾರತೀಯರ ಅಂಗಡಿ, ಹೋಟೆಲುಗಳದ್ದೇ ಸಾಲು. ನಾವು ಹೊಕ್ಕಿದ್ದು ಆರೇ ಮೇಜುಗಳ ಒಂದು ಚಿಕ್ಕ ಹೋಟೆಲು. 11 ಡಾಲರ್‌ಗೆ ಅಂಚು ಗರಿಗರಿಯಾದ, ನಡುವೆ ಮೆತ್ತಗಿನ ಮಸಾಲೆ ದೋಸೆ. ಪಲ್ಯದಲ್ಲಿ ಈರುಳ್ಳಿ ಹದವಾಗಿ ಬೆಂದಿತ್ತು, ಚಟ್ನಿಯಲ್ಲಿ ತೆಂಗಿನಕಾಯಿಯದ್ದೇ ರುಚಿ. ಸಾಂಬಾರನ್ನು ಕೇಳದೆಯೇ ಎರಡನೆಯ ಸಲ ತಂದು ಬಡಿಸಿದರು. ಕಾಫಿ ಬಂದದ್ದು ಸ್ಟೀಲಿನ ಲೋಟದಲ್ಲಿ, ನೊರೆಯೊಂದಿಗೆ. ಹತ್ತು ದಿನದಿಂದ ಬ್ರೆಡ್ ತಿಂದು ಸಪ್ಪಗಾಗಿದ್ದ ಅಪ್ಪ ಎರಡು ದೋಸೆ ತಿಂದರು. ಭಾನುವಾರ ಮಧ್ಯಾಹ್ನ ಅಲ್ಲಿ ಕಾರು ನಿಲ್ಲಿಸಲು ಜಾಗ ಸಿಗುವುದು ಕಷ್ಟ, ಹನ್ನೊಂದು ಗಂಟೆಯೊಳಗೆ ತಲುಪಿ.