ನೋಡುವುದನ್ನು ಕಲಿಸಿದ ಯೋಗಶಾಲೆ

ನಮ್ಮ ತಂಡಕ್ಕೆ ಸೇರಿದವರಿಗೆಲ್ಲ ಆಸನಗಳು ಮೊದಲೇ ಸುಮಾರಾಗಿ ಬರುತ್ತಿದ್ದವು. ಕೆಲವರಂತೂ ಶೀರ್ಷಾಸನದಲ್ಲಿ ಅಲುಗಾಡದೆ ನಿಲ್ಲುತ್ತಿದ್ದರು. ಶಿಕ್ಷಕರ ತರಬೇತಿ ಅಂದಮೇಲೆ ಇನ್ನೂ ಕಷ್ಟದ ಆಸನಗಳೇ ಇರುತ್ತವೆ ಎಂದು ಎಲ್ಲರೂ ಕಾಯುತ್ತಿದ್ದೆವು. ಮೇಷ್ಟ್ರು ಮಾತ್ರ ನಮ್ಮ ಕೈಗೆ ಒಂದೊಂದು ನೋಟ್‌ಬುಕ್ ಕೊಟ್ಟರು. ಮ್ಯಾಟ್ ಸುತ್ತಿಡಿ, ಗೋಡೆ ಪಕ್ಕ ಕೂತ್ಕೊಳ್ಳಿ ಅಂದರು. ಎದುರಿಗೆ ಬೆಳಗಿನ ತರಗತಿ ನಡೆಯುತ್ತಿತ್ತು. ಅದನ್ನು ನೋಡಬೇಕು, ಕಂಡದ್ದನ್ನು ಬರೆಯಬೇಕು, ಅಷ್ಟೇ.

ನಮ್ಮ ಶಾಲೆಯ ಸಂಚಿಕೆಗೆ ಏನಾದರೂ ಬರೆಯಿರಿ ಎಂದು ಕೇಳಿದಾಗ ನನಗೆ ಬೇರೆ ವಿಷಯ ಹುಡುಕಬೇಕಾಗಲಿಲ್ಲ. ಇಲ್ಲಿ ನಾನು ಕಲಿತ ಅತಿ ದೊಡ್ಡ ವಿದ್ಯೆ ನೋಡುವುದು. ಕಲಿಸುವುದೆಲ್ಲ ಅದರ ಹಿಂದೆ ಬರುತ್ತದೆ.

ಆ ನೋಟ್‌ಬುಕ್ಕಿನ ಬಗ್ಗೆ ಸ್ವಲ್ಪ ಹೇಳಬೇಕು. ತ್ರಿಕೋನಾಸನ ಮಾಡುತ್ತಿದ್ದ ಒಬ್ಬರನ್ನು ನೋಡಿ ನಮ್ಮಲ್ಲೊಬ್ಬರು 'ಭಂಗಿ ಸರಿ ಇಲ್ಲ' ಎಂದು ಬರೆದಿದ್ದರು. ಮೇಷ್ಟ್ರು ಆ ಸಾಲಿನ ಮೇಲೆ ಗೀಟು ಎಳೆದರು. "ಇದು ನಿಮ್ಮ ಅಭಿಪ್ರಾಯ. ಕಣ್ಣಿಗೆ ಕಂಡದ್ದೇನು, ಅದನ್ನ ಬರೀರಿ" ಅಂದರು. ಮತ್ತೆ ನೋಡಿದೆವು. ಮುಂದಿನ ಪಾದದ ಹೆಬ್ಬೆರಳಿನ ಬುಡ ನೆಲದಿಂದ ಎದ್ದಿತ್ತು. ಮಂಡಿ ಒಳಕ್ಕೆ ತಿರುಗಿತ್ತು. ಕೈ ನೆಲ ಮುಟ್ಟಲೇಬೇಕೆಂಬ ಹಟದಲ್ಲಿ ಎದೆ ನೆಲದ ಕಡೆ ಮುಖ ಮಾಡಿತ್ತು. ಹಲ್ಲು ಕಚ್ಚಿತ್ತು, ಉಸಿರು ನಿಂತಿತ್ತು. ಮೇಷ್ಟ್ರು ಎದ್ದುಹೋಗಿ ಆ ಕೈಯ ಕೆಳಗೆ ಒಂದು ಬ್ಲಾಕ್, ಅಂದರೆ ಆಸರೆಗೆ ಇಡುವ ಇಟ್ಟಿಗೆಯಾಕಾರದ ತುಂಡು, ಇಟ್ಟರು. ಒಂದು ಮಾತೂ ಆಡಲಿಲ್ಲ. ಎದೆ ತಾನಾಗಿ ತೆರೆದುಕೊಂಡಿತು, ಉಸಿರು ಹೊರಗೆ ಬಂತು. 'ಸರಿ ಇಲ್ಲ' ಎಂಬ ಮಾತಿನಿಂದ ಆ ಬ್ಲಾಕಿನವರೆಗೆ ಹೋಗಲು ದಾರಿಯೇ ಇರಲಿಲ್ಲ, ಅಲ್ವಾ? ಹೆಬ್ಬೆರಳು, ಮಂಡಿ, ಎದೆ, ಉಸಿರು ಎಂದು ಒಂದೊಂದಾಗಿ ಕಂಡಮೇಲೆ ದಾರಿ ಸಿಕ್ಕಿತು.

ಉಸಿರನ್ನು ಕಣ್ಣಿನಿಂದ ಹಿಡಿಯುವುದನ್ನು ಕಲಿಯಲು ತುಂಬ ಕಾಲ ಬೇಕಾಯಿತು. ಕೆಲವರಿಗೆ ಉಸಿರು ಎದೆಯ ಮೇಲ್ಭಾಗದಲ್ಲೇ ಆಡುತ್ತದೆ, ಭುಜ ಏರಿ ಇಳಿಯುತ್ತದೆ. ಕೆಲವರಿಗೆ ಪಕ್ಕೆಲುಬುಗಳು ಅಗಲಕ್ಕೆ ಹಿಗ್ಗುತ್ತವೆ. ಮಲಗಿದಾಗ ಹೊಟ್ಟೆ ಏಳುವುದಕ್ಕೂ ಕಾರಣ ಇದೆ. ಉಸಿರು ತೆಗೆದುಕೊಳ್ಳುವಾಗ ಶ್ವಾಸಕೋಶದ ಕೆಳಗಿರುವ ವಪೆ ಎಂಬ ಸ್ನಾಯು ಕುಗ್ಗಿ ಕೆಳಕ್ಕೆ ಇಳಿಯುತ್ತದೆ, ಒಳಗಿನ ಅಂಗಗಳು ಜಾಗ ಬಿಟ್ಟುಕೊಡುತ್ತವೆ, ಅದಕ್ಕೆ ಹೊಟ್ಟೆ ಮೇಲೇಳುತ್ತದೆ. ಉಸಿರು ಬಿಡುವಾಗ ಹೃದಯದ ಬಡಿತ ಸ್ವಲ್ಪ ನಿಧಾನವಾಗುತ್ತದೆ, ತೆಗೆದುಕೊಳ್ಳುವಾಗ ಸ್ವಲ್ಪ ಚುರುಕಾಗುತ್ತದೆ. ಮಣಿಕಟ್ಟಿನ ನಾಡಿ ಹಿಡಿದು ಇದನ್ನು ನಾವೇ ಪರೀಕ್ಷೆ ಮಾಡಿದ ಪ್ರಾಣಾಯಾಮ ಕಾರ್ಯಾಗಾರ ನನಗೆ ಇವತ್ತಿಗೂ ಪ್ರೀತಿಯದು. ಪುಸ್ತಕದಲ್ಲಿ ಓದಿದ್ದ ವಿಷಯ ಬೆರಳ ತುದಿಯಲ್ಲಿ ಬಡಿಯುತ್ತಿತ್ತು.

ವಾರದ ಕೊನೆಯಲ್ಲಿ ನಡೆಯುತ್ತಿದ್ದ ಕಾರ್ಯಾಗಾರಗಳಲ್ಲಿ ನನ್ನನ್ನು ಜಾಸ್ತಿ ಬದಲಿಸಿದ್ದು ಶರೀರ ರಚನೆಯದು. ಪಾಠ ಮಾಡಲು ಬಂದವರು ಫಿಸಿಯೋಥೆರಪಿಸ್ಟ್. ಅವರು ಪ್ಲಾಸ್ಟಿಕ್ ಅಸ್ಥಿಪಂಜರದ ತೊಡೆಮೂಳೆಯನ್ನು ಕೈಯಲ್ಲಿ ಹಿಡಿದು ಸೊಂಟದ ಕೀಲಿನ ಗುಳಿಯಲ್ಲಿ ತಿರುಗಿಸಿ ತೋರಿಸಿದರು. ಒಂದು ಹಂತದವರೆಗೆ ಸಲೀಸಾಗಿ ತಿರುಗಿತು. ಆಮೇಲೆ ಟಕ್ ಎಂದು ಮೂಳೆಗೆ ಮೂಳೆ ತಾಗಿ ನಿಂತಿತು. ಆ ಗುಳಿಯ ಆಳ, ಅದು ಮುಖ ಮಾಡಿರುವ ದಿಕ್ಕು, ತೊಡೆಮೂಳೆಯ ಕತ್ತಿನ ಕೋನ, ಇವೆಲ್ಲ ಒಬ್ಬರಿಂದ ಒಬ್ಬರಿಗೆ ಬೇರೆ. ಸ್ನಾಯು ಬಿಗಿಯಾಗಿದ್ದರೆ ಅಭ್ಯಾಸದಿಂದ ಸಡಿಲ ಮಾಡಬಹುದು. ಮೂಳೆಯ ಆಕಾರವನ್ನು ಅಭ್ಯಾಸದಿಂದ ಬದಲಿಸಲು ಆಗುವುದಿಲ್ಲ.

ಪದ್ಮಾಸನ ಎಲ್ಲರಿಗೂ ಯಾಕೆ ಬರುವುದಿಲ್ಲ ಎಂಬುದು ಆಗ ಗೊತ್ತಾಯಿತು. ಪದ್ಮಾಸನಕ್ಕೆ ಬೇಕಾದ ತಿರುವು ಸೊಂಟದ ಕೀಲಿನಿಂದ ಬರಬೇಕು. ಅಲ್ಲಿ ಸಿಗದಿದ್ದರೆ ಒತ್ತಡವೆಲ್ಲ ಮಂಡಿಗೆ ಬೀಳುತ್ತದೆ. ಮಂಡಿ ಮುಖ್ಯವಾಗಿ ಮಡಚಿ ಬಿಚ್ಚುವ ಕೀಲು, ತಿರುಗುವ ಶಕ್ತಿ ಅದಕ್ಕೆ ಕಡಿಮೆ. ಬಲವಂತ ಮಾಡಿದರೆ ಒಳಗಿನ ಮೆನಿಸ್ಕಸ್ ಎಂಬ ಮೆತ್ತೆಯಂಥ ಮೃದ್ವಸ್ಥಿಗೆ ಪೆಟ್ಟಾಗಬಹುದು. ಕಾಲನ್ನು ಕೈಯಲ್ಲಿ ಎಳೆದು ತೊಡೆಯ ಮೇಲೆ ಕೂರಿಸುವುದನ್ನು ಯಾರಾದರೂ ಸಾಧನೆ ಎಂದು ಕರೆದರೆ ನನಗೆ ಈಗಲೂ ಸಂಕಟವಾಗುತ್ತದೆ. ಸುಖಾಸನದಲ್ಲಿ, ಬೇಕಿದ್ದರೆ ಕೆಳಗೆ ಮಡಚಿದ ಕಂಬಳಿ ಹಾಕಿಕೊಂಡು, ಬೆನ್ನು ನೆಟ್ಟಗೆ ಕೂತವರ ಧ್ಯಾನಕ್ಕೆ ಏನೂ ಕಡಿಮೆಯಾಗುವುದಿಲ್ಲ.

ಕಂಬಳಿ, ಬೆಲ್ಟು, ಕುರ್ಚಿ, ಗೋಡೆಗೆ ಕಟ್ಟಿದ ಹಗ್ಗ, ಇವುಗಳನ್ನೆಲ್ಲ ಆಸನಕ್ಕೆ ಜೊತೆ ಮಾಡಿ ಲೋಕಕ್ಕೆ ಪರಿಚಯಿಸಿದವರು ಬಿ.ಕೆ.ಎಸ್. ಅಯ್ಯಂಗಾರ್. ಸರ್ವಾಂಗಾಸನದಲ್ಲಿ ಭುಜದ ಕೆಳಗೆ ಕಂಬಳಿಗಳನ್ನು ಮಡಚಿ ಇಟ್ಟು, ತಲೆಯನ್ನು ಮಾತ್ರ ನೆಲದ ಮೇಲೆ ಬಿಡುವ ಕ್ರಮ ಅವರ ಪದ್ಧತಿಯದು. ಕುತ್ತಿಗೆ ಅತಿಯಾಗಿ ಬಾಗದಂತೆ ಅದು ಕಾಯುತ್ತದೆ.

ಯೋಗದ ಇತಿಹಾಸದ ಪಾಠದಲ್ಲೂ ಮೇಷ್ಟ್ರು ಇದೇ ಎಳೆ ಹಿಡಿದರು. ತಿರುಮಲೈ ಕೃಷ್ಣಮಾಚಾರ್ಯರು 1933ರಲ್ಲಿ ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆ ಶುರು ಮಾಡಿದರು. ಆಶ್ರಯ ಕೊಟ್ಟವರು ನಾಲ್ವಡಿ ಕೃಷ್ಣರಾಜ ಒಡೆಯರು. ಯೋಗ ಮಕರಂದ ಎಂಬ ಪುಸ್ತಕವನ್ನು ಆಚಾರ್ಯರು ಕನ್ನಡದಲ್ಲೇ ಬರೆದರು. ಅವರ ಶಿಷ್ಯರನ್ನು ನೋಡಿ. ಕೆ. ಪಟ್ಟಾಭಿ ಜೋಯಿಸರು ಉಸಿರಿಗೆ ಚಲನೆಯನ್ನು ಜೋಡಿಸಿ, ಒಂದು ಕ್ರಮದಲ್ಲಿ ಬೆವರಿಳಿಸಿ ಕಲಿಸಿದರು. ಅಯ್ಯಂಗಾರರು ಒಂದೇ ಭಂಗಿಯಲ್ಲಿ ನಿಲ್ಲಿಸಿ ಮೈಯ ಮೂಲೆ ಮೂಲೆಯನ್ನೂ ತಿದ್ದಿದರು. ಆಚಾರ್ಯರ ಮಗ ಟಿ.ಕೆ.ವಿ. ದೇಶಿಕಾಚಾರ್ಯರು ಎದುರಿಗಿರುವ ಒಬ್ಬರಿಗೆ ತಕ್ಕ ಹಾಗೆ ಅಭ್ಯಾಸವನ್ನು ಹೊಂದಿಸಿ ಕೊಟ್ಟರು. ಒಬ್ಬರೇ ಗುರು, ಮೂರು ದಾರಿ! ಗುರುಗಳು ಎದುರಿಗಿದ್ದವರನ್ನು ನೋಡಿ ಪಾಠ ಹೇಳಿದ್ದರಿಂದಲೇ ಹೀಗಾಯಿತು ಎಂದು ನಾನು ನಂಬುತ್ತೇನೆ. ಅರಮನೆಯ ಶಾಲೆಯಲ್ಲಿ ಚುರುಕಾದ ಹುಡುಗರಿಗೆ ಹೇಳಿಕೊಟ್ಟದ್ದು ಒಂದು ಬಗೆ. ಮುಂದೆ ಮದರಾಸಿನಲ್ಲಿ ಕಾಯಿಲೆಯೆಂದು ಬಂದವರಿಗೆ ಹೇಳಿಕೊಟ್ಟದ್ದು ಇನ್ನೊಂದು ಬಗೆ.

ಪತಂಜಲಿಯ ಸೂತ್ರಗಳನ್ನು ದಿನಾ ಸ್ವಲ್ಪ ಸ್ವಲ್ಪ ಓದುತ್ತಿದ್ದೆವು. ಆಸನದ ಬಗ್ಗೆ ಅಲ್ಲಿರುವುದು ಕೆಲವೇ ಸೂತ್ರಗಳು. ಅಷ್ಟು ಚಿಕ್ಕ ಜಾಗವನ್ನು ಹಿಡಿದುಕೊಂಡು ಯೋಗವೆಂದರೆ ಆಸನ ಮಾತ್ರ ಎಂದು ನಾವೆಲ್ಲ ನಡೆದುಕೊಳ್ಳುತ್ತಿದ್ದೇವಲ್ಲ ಎಂದು ನಮ್ಮ ನಮ್ಮಲ್ಲೇ ಎಷ್ಟೋ ಸಲ ಮಾತಾಡಿಕೊಂಡಿದ್ದೇವೆ.

ನೋಡುವುದು ಒಂದು ಹದಕ್ಕೆ ಬಂದಮೇಲೆ ಬಾಯಿ ಬಿಡಲು ಅನುಮತಿ ಸಿಕ್ಕಿತು. ಮೊದಲು ಬುಡ, ಆಮೇಲೆ ಮೇಲಿನದು. ವೀರಭದ್ರಾಸನ ಹೇಳಿಕೊಡುವಾಗ ಪಾದದಿಂದ ಶುರು ಮಾಡಬೇಕು, ಕೈಬೆರಳಿನಿಂದಲ್ಲ. ಒಂದು ಉಸಿರಿಗೆ ಒಂದೇ ಸೂಚನೆ. ಎದುರು ನಿಂತು ಮಾಡಿ ತೋರಿಸುವಾಗ 'ಬಲಗೈ' ಎಂದು ಹೇಳಿ ನಾವು ಎಡಗೈ ಎತ್ತಬೇಕು, ಕನ್ನಡಿಯಲ್ಲಿ ಕಂಡ ಹಾಗೆ. ಮುಟ್ಟಿ ತಿದ್ದುವ ಮೊದಲು ಕೇಳಲೇಬೇಕು. ಬೇಡ ಅಂದರೆ ಬೇಡ, ಕಾರಣ ಕೇಳುವ ಹಾಗಿಲ್ಲ. ಈ ಕೊನೆಯ ನಿಯಮದಲ್ಲಿ ಮೇಷ್ಟ್ರು ತುಂಬ ಕಟ್ಟುನಿಟ್ಟು. ಆ ಬಿಗಿ ಎಲ್ಲ ಯೋಗಶಾಲೆಗಳಲ್ಲೂ ಇರಬೇಕೆಂದು ನಾನು ಹೋದಲ್ಲೆಲ್ಲ ಹೇಳುತ್ತೇನೆ.

ಅಭ್ಯಾಸ ಪಾಠಕ್ಕೆ ನನ್ನ ಪಾಲಿಗೆ ಬಂದದ್ದು ಹಿರಿಯರ ತರಗತಿ. ಅಲ್ಲಿ ರಕ್ತದೊತ್ತಡ ಇದ್ದವರಿದ್ದರು, ಗ್ಲಾಕೋಮಾ ಎಂಬ ಕಣ್ಣಿನ ಕಾಯಿಲೆ ಇದ್ದವರಿದ್ದರು. ತಲೆಕೆಳಗಾಗುವ ಆಸನಗಳನ್ನೂ, ಉಸಿರನ್ನು ರಭಸದಿಂದ ಹೊರಹಾಕುವ ಕಪಾಲಭಾತಿಯನ್ನೂ ಮೊದಲೇ ಪಕ್ಕಕ್ಕಿಟ್ಟೆವು. ಒಬ್ಬ ಅಜ್ಜಿ ನೆಲಕ್ಕೆ ಕೂರಲು ಹೆದರುತ್ತಿದ್ದರು. "ಕೂತರೆ ಏಳೋದು ಹೇಗಮ್ಮಾ?" ಎಂದು ನನ್ನ ಕೈ ಹಿಡಿದುಕೊಂಡು ಕೇಳಿದರು. ಕುರ್ಚಿಯನ್ನು ಗೋಡೆಗೆ ಒತ್ತಿ ಇಟ್ಟೆ. ಅದರಿಂದ ಏಳುವುದು, ಮತ್ತೆ ಕೂರುವುದು, ಇಷ್ಟೇ ಆ ವಾರದ ಪಾಠ. ಪಾದಗಳನ್ನು ಮಂಡಿಯ ನೇರಕ್ಕಿಂತ ತುಸು ಹಿಂದಕ್ಕೆ ತಂದುಕೊಳ್ಳಿ, ಎದೆಯನ್ನು ಮುಂದಕ್ಕೆ ತನ್ನಿ, ಉಸಿರು ಬಿಡುತ್ತಾ ಏಳಿ ಅಂದೆ. ಮೊದಲು ಎರಡೂ ಕೈ ಊರಿ ಎದ್ದರು. ಮುಂದೆ ಒಂದೇ ಕೈ ಸಾಕಾಯಿತು. ಕೆಲವು ವಾರ ಕಳೆದಮೇಲೆ ಕೈಗಳನ್ನು ಎದೆಯ ಮೇಲೆ ಮಡಚಿಕೊಂಡು ಎದ್ದು ನಿಂತರು, ಸುತ್ತಲಿದ್ದವರನ್ನೆಲ್ಲ ನೋಡಿ ನಕ್ಕರು. ನೋಡಲು ಇಷ್ಟು ಚೆಂದದ ಆಸನವನ್ನು ನಾನು ಯಾವ ವೇದಿಕೆಯ ಮೇಲೂ ಕಂಡಿಲ್ಲ.

ಪ್ರಮಾಣಪತ್ರದ ಬಗ್ಗೆ ಈಗ ಸೇರುವವರು ತುಂಬ ಕೇಳುತ್ತಾರೆ. 200 ಗಂಟೆ, 500 ಗಂಟೆ ಎಂಬ ಲೆಕ್ಕ ಅಮೆರಿಕದ ಯೋಗ ಅಲಯನ್ಸ್‌ನಿಂದ ಎಲ್ಲ ಕಡೆ ಹಬ್ಬಿತು. ಭಾರತದಲ್ಲಿ ಆಯುಷ್ ಸಚಿವಾಲಯದ ಯೋಗ ಸರ್ಟಿಫಿಕೇಶನ್ ಬೋರ್ಡಿನ ವ್ಯವಸ್ಥೆಯಲ್ಲಿ ಬೇರೆ ಬೇರೆ ಹಂತಗಳಿವೆ, ಬರಹದ ಜೊತೆ ಪ್ರಾಯೋಗಿಕ ಪರೀಕ್ಷೆಯೂ ಇದೆ. ಕಾಗದ ಬೇಕು, ಕೆಲಸಕ್ಕೆ ಅನುಕೂಲ ಆಗುತ್ತದೆ. ಆದರೆ 200 ಗಂಟೆ ಎಂದರೆ ಬಾಗಿಲು ತೆರೆದಂತೆ ಮಾತ್ರ. ಕೆಲವೇ ವಾರಗಳಲ್ಲಿ ಅಷ್ಟೂ ಗಂಟೆಗಳನ್ನು ತುರುಕಿ ಮುಗಿಸುವ ಕೋರ್ಸುಗಳನ್ನು ಕಂಡರೆ ನನಗೆ ಚಿಂತೆಯಾಗುತ್ತದೆ. ಗಂಟೆ ತುಂಬಿಸಬಹುದು, ಕಣ್ಣು ಪಳಗಲು ತಿಂಗಳುಗಟ್ಟಲೆ ಬೇಕು. ವಾರಪೂರ್ತಿ ಪಾಠ ಮಾಡಿ, ವಾರದ ಕೊನೆಯಲ್ಲಿ ಮೇಷ್ಟ್ರ ಎದುರು ಕೂತು ಅದನ್ನು ಬಿಡಿಸಿ ಹೇಳುವ ಅವಕಾಶ ನಮಗಿತ್ತು. ಅದಕ್ಕೆ ನಾನು ಈ ಶಾಲೆಗೆ ಸದಾ ಋಣಿ.

ಈಗ ನಾನು ಕಲಿಸುವುದು ಹೆಚ್ಚಾಗಿ ಹಿರಿಯರಿಗೆ. ಕುರ್ಚಿಯ ಮೇಲೆ ಮಾಡುವ ಅಭ್ಯಾಸಗಳನ್ನು ಮಂಡಿ ನೋವು, ಭುಜದ ಬಿಗಿತ, ತಲೆಸುತ್ತು ಎಂದು ಬೇರೆ ಬೇರೆ ಮಾಡಿ ಬರೆದಿಟ್ಟುಕೊಂಡಿದ್ದೇನೆ. ಯಾರಿಗೆ ಯಾವುದು ಬೇಡ ಎಂಬುದೂ ಅದರಲ್ಲಿದೆ. ಅದರ ಒಂದು ಪ್ರತಿಯನ್ನು ಈ ಲೇಖನದ ಜೊತೆ ಶಾಲೆಯ ಗ್ರಂಥಾಲಯಕ್ಕೆ ಕೊಡುತ್ತಿದ್ದೇನೆ. ಹಿರಿಯರ ತರಗತಿ ತೆಗೆದುಕೊಳ್ಳಲಿರುವ ಹೊಸ ಶಿಕ್ಷಕರು ದಯವಿಟ್ಟು ಓದಿ. ಅಂಚಿನಲ್ಲಿ ಜಾಗ ಜಾಸ್ತಿ ಬಿಟ್ಟಿದ್ದೇನೆ, ನಿಮ್ಮ ತರಗತಿಯಲ್ಲಿ ಕಂಡದ್ದನ್ನೂ ಅಲ್ಲೇ ಬರೆದು ಸೇರಿಸಿ.